ಬೆನ್ನು ಹೊತ್ತುಕೊಂಡು ಸುರಪುರಕ್ಕೆ

ಯಾದಗಿರಿಯಲ್ಲಿ ರೈಲಿನಿಂದ ಇಳಿಯಲು ನನಗೆ ಇಬ್ಬರ ಕೈ ಬೇಕಾಯಿತು. ಹೈದರಾಬಾದಿನಲ್ಲಿ ಓದುವಾಗಲೇ ಸೋಲತೊಡಗಿದ್ದ ಬೆನ್ನಿನ ಸ್ನಾಯುಗಳು ಈಗ ಪೂರ್ತಿ ಸೋತಿದ್ದವು. ನಿಲ್ಲಬಲ್ಲೆ, ಮಲಗಬಲ್ಲೆ, ನೆಲದ ಮೇಲೆ ಕೂರಲಾರೆ. ಪಂಕ್ತಿಯ ಊಟ ಬಿಟ್ಟು ಮೂರು ವರ್ಷವಾಗಿತ್ತು. ಆದರೆ ಸುರಪುರದಲ್ಲಿ ತಂಗಿ ಮಲ್ಲಮ್ಮನ ಮಗನ ಜವಳ. ಸೋದರಮಾವ ಕಂಬಳಿಯ ಮೇಲೆ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಕೂದಲು ಕತ್ತರಿಸಬೇಕು. ಅವಳಿಗೆ ನಾನೊಬ್ಬನೇ ಅಣ್ಣ. "ನೀ ಬರೂತನಕ ಕೂಸಿನ ತಲಿಗೆ ಕತ್ತರಿ ಮುಟ್ಟಸಂಗಿಲ್ಲ" ಎಂದು ಹೇಳಿಕಳಿಸಿದ್ದಳು. ಮಗುವಿಗೆ ಆಗಲೇ ಮೂರು ತುಂಬಿತ್ತು.

ಬಸ್ಸಿಗೆ ಹದಿನಾಲ್ಕಾಣೆ. ನಿಜಾಮರ ಆಡಳಿತ ಹೋಗಿದ್ದರೂ ಅವರ ನಾಣ್ಯ ಇನ್ನೂ ಚಲಾವಣೆಯಲ್ಲಿತ್ತು. "ಹಿಂದ ಕೂಡಬ್ಯಾಡ್ರಿ ಸಾಹೇಬ್ರ, ಟೊಂಕ ಉಳಿಯಂಗಿಲ್ಲ" ಎಂದು ಕಂಡಕ್ಟರ್ ನನ್ನನ್ನು ಡ್ರೈವರನ ಪಕ್ಕ ಒರಗಿಸಿದ.

ಇಪ್ಪತ್ತು ಮೈಲಿಯಾಚೆ ಶಹಾಪುರ. ಅಲ್ಲಿಯ ಗುಡ್ಡ ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಚಹಾದಂಗಡಿಯ ಬೆಂಚನ್ನು ನಾನು ಆಸೆಯಿಂದ ನೋಡುತ್ತಿದ್ದೆ. ಅಂಗಡಿಯವನು, "ಗುಡ್ಡದಾಂವ ಮಲಗಿದ್ರ ಯಾರೂ ಏನೂ ಅನ್ನಂಗಿಲ್ಲ. ನೀವೂ ಮಲಗ್ರಿ" ಎಂದ. ಮಲಗಿದೆ.

ಮರುದಿನ ಬೆಳಿಗ್ಗೆ ಸುರಪುರದ ಮನೆಯಲ್ಲಿ ಗೋಡೆಗೊರಗಿ ಕೂರಲು ನೋಡಿದೆ. ಮಗುವನ್ನು ತೊಡೆಗೆ ಕೊಟ್ಟ ಕೂಡಲೇ ಪಕ್ಕಕ್ಕೆ ವಾಲಿಬಿಟ್ಟೆ. ನನ್ನ ಬದಲು ನಮ್ಮ ದೊಡ್ಡಪ್ಪನ ಮಗನನ್ನು ಕೂರಿಸೋಣವೆಂದು ಯಾರೋ ಅಂದರು. ಮಲ್ಲಮ್ಮ ಮಗುವನ್ನು ಎತ್ತಿಕೊಂಡು ಮುಖ ತಿರುಗಿಸಿದಳು.

ಅವಳ ಮಾವ ನಿಂಗಪ್ಪ ಕುರಿ ಸಾಕಿದವರು. "ತುಪ್ಪಳ ಕತ್ತರಸೂಮುಂದ ಕುರಿ ಮಲಗಸ್ತೀವಿ. ಇಲ್ಲಿ ಸೋದರಮಾವನ್ನ ಮಲಗಸೂಣು" ಎಂದರು.

"ಅಣ್ಣನ್ನ ಕುರಿ ಮಾಡಿದ್ರೇನ್ರಿ ಮಾವಾ?" ಮಲ್ಲಮ್ಮ ಕೇಳಿದಳು.

"ಕಲತಾಂವ ಅದಾನ, ತುಪ್ಪಳ ಉಳಸ್ತೀನಿ ಬಿಡವ್ವ."

"ತೊಡಿ ಮ್ಯಾಲ ಕುಂದರಸೂದು ಪದ್ಧತಿ" ಎಂದಿತು ಒಂದು ಹಿರಿಯ ದನಿ.

"ತೊಡಿ ಆದ್ರೇನು, ಎದಿ ಆದ್ರೇನು? ಎಲ್ಲಾ ಸೋದರಮಾವಂದ" ಎಂದರು ನಿಂಗಪ್ಪ.

ಕಂಬಳಿಯ ಮೇಲೆ ಅಂಗಾತ ಮಲಗಿದೆ. ಮಗುವನ್ನು ಎದೆಯ ಮೇಲೆ ಕೂರಿಸಿದರು. ಕೈ ಎತ್ತಿ ಹಣೆಯ ಮೇಲಿನ ಒಂದು ಎಳೆ ಕತ್ತರಿಸಿದೆ. ಅದು ನನ್ನ ಮುಖದ ಮೇಲೇ ಬಿತ್ತು. ಆಗ ಮಗು ನಕ್ಕಿತೆಂದು ನನ್ನ ನೆನಪು. ಅಂದೇ ಬರೆದ ದಿನಚರಿಯಲ್ಲಿ 'ಜೋರಾಗಿ ಅತ್ತ' ಎಂದಿದೆ. ದಿನಚರಿಯನ್ನೇ ನಂಬಬೇಕು. ಎದೆಯ ಮೇಲಿನ ಭಾರದ ವಿಷಯದಲ್ಲಿ ಮಾತ್ರ ಎರಡೂ ಒಂದೇ ಮಾತು ಹೇಳುತ್ತವೆ.

ಮರಳುವಾಗ ಶಹಾಪುರದಲ್ಲಿ ಗುಡ್ಡದವನು ಹಾಗೆಯೇ ಮಲಗಿದ್ದ. ಹೋಗುವಾಗ ಅವನನ್ನು ಕಂಡು ಹೊಟ್ಟೆಕಿಚ್ಚುಪಟ್ಟಿದ್ದೆ. ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಅವನ ಎದೆಯ ಮೇಲೆ ಯಾರೂ ಕೂತಿರಲಿಲ್ಲ.