ದಾಜಿಯ ಫಟಫಟಿ

ಪೆಟ್ರೋಲಿನ ವಾಸನೆ ಕೆಲವರಿಗೆ ಹಿಡಿಸುತ್ತದೆಯಂತೆ. ನನಗೆ ಅದು ಆಗುವುದಿಲ್ಲ. ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮನೆಯ ಮುಂದಿನ ಖೋಲಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊನ್ನೆ ಅಂಗಳದಲ್ಲಿ ಮೋಟಾರ್ ಸೈಕಲ್ಲು ಬಿಚ್ಚಿಕೊಂಡು ಕೂತಿದ್ದರು. ಓಡುವಾಗ ಚೆನ್ನಾಗಿ ಓಡುತ್ತದೆ, ನಿಲ್ಲಿಸಿದರೆ ಮಾತ್ರ ಎಂಜಿನ್ನು ಬಂದ್ ಬೀಳುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. ಹಿಂದೆಯೇ ವಾಸನೆಯೂ ಬಂತು. ಒಲೆ ಆರಿಸಿ ಹಿತ್ತಲಿಗೆ ಹೋಗಿ ಕೂತೆ... ಐವತ್ತು ವರ್ಷದ ಹಿಂದಿನ ಒಬ್ಬ ಮನುಷ್ಯ ಕಣ್ಣೆದುರು ಬಂದು ನಿಂತ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ.

ಅವನು ನನ್ನ ಅಕ್ಕನ ಗಂಡ. ನಮ್ಮ ಮನೆಯಲ್ಲಿ ದಾಜಿ ಎಂದು ಕರೆಯುತ್ತಿದ್ದೆವು. ಆಗ ಬಹುವಚನ ಕೊಟ್ಟದ್ದು ಸಾಕು, ಈಗ ಏಕವಚನದಲ್ಲೇ ಬರೆಯುತ್ತೇನೆ. ಖಾನಾಪುರದಲ್ಲಿ ಅವನದು ಕಟ್ಟಿಗೆಯ ವ್ಯಾಪಾರ. ಕಣಕುಂಬಿ ಕಡೆಯ ಅಡವಿಯಿಂದ ಚಕ್ಕಡಿಗಳಲ್ಲಿ ದಿಮ್ಮಿ ತರಿಸಿ ಮಾರುತ್ತಿದ್ದ. ನಾವು ಜೈನರು, ಇರುವೆ ಸತ್ತೀತೆಂದು ನೆಲ ನೋಡಿ ನಡೆಯುವವರು. ಅವನೂ ಸೂರ್ಯ ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕುತ್ತಿರಲಿಲ್ಲ, ವರ್ಷಕ್ಕೊಮ್ಮೆ ಹಲಸಿಯ ಬಸದಿಗೆ ಹೋಗಿ ಬರುವುದನ್ನು ತಪ್ಪಿಸುತ್ತಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಗಾದೆ ಹುಟ್ಟಿದ್ದೇ ಇಂಥವರಿಂದ ಇರಬೇಕು.

ನೋಡಲು ಚೆಲುವ. ಮಾತಿನಲ್ಲಿ ಗಟ್ಟಿಗ. ಅವನು ಕೂತಲ್ಲಿ ನಾಲ್ಕು ಜನ ಸೇರುತ್ತಿದ್ದರು, ಸೇರಿದವರೆಲ್ಲ ನಗುತ್ತಿದ್ದರು. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದನ್ನು ಮಾತ್ರ ಅವರು ಕೇಳಿಕೊಳ್ಳುತ್ತಿರಲಿಲ್ಲ. ಹೆಚ್ಚಾಗಿ ಅದು ನನ್ನ ಅಕ್ಕನನ್ನು ನೋಡಿ.

ಎರಡನೆಯ ದೊಡ್ಡ ಲಡಾಯಿ ಮುಗಿದು ಕೆಲವು ವರ್ಷಗಳಾಗಿದ್ದವು. ವಿಲಾಯಿತಿಗೆ ಹೊರಟಿದ್ದ ಒಬ್ಬ ದಂಡಿನ ಸಾಹೇಬನಿಂದ ದಾಜಿ ಬೆಳಗಾವಿಯ ಕ್ಯಾಂಪಿನಲ್ಲಿ ಆ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಕೊಂಡ. ಕೆಸರು, ಹಳ್ಳ, ಅಡವಿಯ ಹಾದಿ ಯಾವುದಕ್ಕೂ ಅಂಜದ ಗಾಡಿ. ಲಡಾಯಿಯಲ್ಲಿ ಓಡಾಡಿ ಬಂದದ್ದು ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಖಾನಾಪುರದಿಂದ ಬೆಳಗಾವಿಗೆ ರೈಲು ಇತ್ತು. ಆದರೆ ರೈಲಿನಲ್ಲಿ ಕೂತವನನ್ನು ಯಾರು ನೋಡುತ್ತಾರೆ? ಹಿಂದಿನ ಕಬ್ಬಿಣದ ಪಟ್ಟಿಗಳ ಮೇಲೆ ಕಂಬಳಿ ಮಡಿಸಿ ಹಾಕಿ, ಅದರ ಮೇಲೆ ಅಕ್ಕನನ್ನು ಕೂರಿಸಿಕೊಂಡು ಬರುತ್ತಿದ್ದ. ಅಕ್ಕ ಮುಖದ ತುಂಬ ಸೆರಗು ಹೊದ್ದು, ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಆ ಗಾಡಿಗೆ ಒಂದೇ ರೋಗ. ಓಡುವಷ್ಟು ಹೊತ್ತು ಹುಲಿ. ವೇಗದ ಹಿಡಿ ಬಿಟ್ಟು ನಿಲ್ಲಿಸಿದರೆ ಎರಡು ಸಲ ಕೆಮ್ಮಿ ಸಾಯುತ್ತಿತ್ತು. ಕಾದ ಎಂಜಿನ್ನು ಒದ್ದರೂ ಏಳುತ್ತಿರಲಿಲ್ಲ, ಯಾರಾದರೂ ಹಿಂದಿನಿಂದ ನೂಕಬೇಕು. ನೂಕುವವಳು ಅಕ್ಕ. ಎಂಜಿನ್ನು ಹತ್ತಿಕೊಂಡ ಮೇಲೆ ಅವನು ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಮತ್ತೆ ಸಾಯುತ್ತದೆ. ಹಾಗಾಗಿ ಅವಳು ಸೀರೆ ಎತ್ತಿ ಕಟ್ಟಿ, ಓಡುತ್ತ ಬಂದು, ನಡೆಯುತ್ತಿರುವ ಗಾಡಿಯ ಮೇಲೆ ಹಾರಿ ಕೂರಬೇಕಿತ್ತು. ಖಾನಾಪುರದ ಪೇಟೆಯಲ್ಲಿ ಜನ ಇದನ್ನು ನೋಡಲೆಂದೇ ಅಂಗಡಿಯಿಂದ ಹೊರಗೆ ಬರುತ್ತಿದ್ದರಂತೆ.

ರೋಗ ಹುಡುಕಲು ದಾಜಿ ಮಾಡದ ಉಪಾಯವಿಲ್ಲ. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಮರಳು ಕಾಗದದಿಂದ ತಿಕ್ಕಿದ. ತಂತಿಗಳನ್ನು ಬದಲಿಸಿದ. ಅಕ್ಕನನ್ನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ವೇಗದ ಹಿಡಿಯನ್ನು ಕೂದಲೆಳೆಯಷ್ಟೂ ಅಲುಗಿಸದೆ ಹಿಡಿದುಕೋ ಎಂದು ಹೇಳಿ, ತಾನು ಕಿವಿಗೊಟ್ಟು ಕೇಳುತ್ತಿದ್ದ. ಹಿಡಿ ಒಂದಿಷ್ಟು ಜಾರಿ ಎಂಜಿನ್ನು ಸತ್ತರೆ ಅಂದಿನ ಮಂಗಳಾರತಿ ಶುರು. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ, ಎರಡು ಸಲ ಬಸಿರು ಇಳಿದುಹೋಗಿತ್ತು. ನಾನು ರಜೆಗೆ ಅಲ್ಲಿಗೆ ಹೋಗಿದ್ದಾಗ, ನಾಲ್ಕು ಜನ ಕೇಳುವ ಹಾಗೆ ಅಂದ:

"ಈ ಗಾಡಿಗೂ ಇಕಿಗೂ ಜೋಡಿ ಛಲೋ ಕೂಡೇತಿ ನೋಡ್ರಿ. ಇಬ್ಬರ ಹೊಟ್ಟ್ಯಾಗೂ ಏನೂ ನಿಲ್ಲಂಗಿಲ್ಲ."

ನಾಲ್ವರೂ ನಕ್ಕರು. ಅಕ್ಕ ಹಿಡಿ ಬಿಡಲಿಲ್ಲ, ಎಂಜಿನ್ನು ಚಾಲೂ ಇತ್ತಲ್ಲ.

ಇನ್ನು ಪೆಟ್ರೋಲಿನ ವಿಷಯ. ಅದು ಬರ್ಮಾ ಎಂದು ಬರೆದ ಡಬ್ಬಿಗಳಲ್ಲಿ ಬರುತ್ತಿತ್ತು, ತಳದಲ್ಲಿ ತುಕ್ಕು ಇರುತ್ತಿತ್ತು. ನಮ್ಮ ಮನೆಗಳಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ದಪ್ಪನೆಯ ಹೊಸ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಬೇಕು, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಯ ನೀರಿಗೆ ತಿರುಗಿ ಬಿಡಬೇಕು. ದಾಜಿ ಅಕ್ಕನಿಗೆ, "ನೀರ ಸೋಸಿದಂಗ ಇದನ್ನೂ ಸೋಸಿ ಹಾಕು" ಎಂದು ಅಪ್ಪಣೆ ಮಾಡಿದ. ಅವನ ತಾಯಿ, ಅಂದರೆ ಅಕ್ಕನ ಅತ್ತೆ, ಇದಕ್ಕೆ ಹೊಸ ಬಟ್ಟೆ ಯಾಕೆ ಎಂದು ತನ್ನ ಸವೆದ ಕೆಂಪು ಸೀರೆಯ ತುಂಡೊಂದನ್ನು ಹರಿದು ಕೊಟ್ಟಳು. ಮಹಾ ಭಕ್ತೆ ಆಕೆ. ಸೋಸಿದ ಮೇಲೆ ಬಟ್ಟೆಯನ್ನು ಎಲ್ಲಿ ಜಾಲಿಸಬೇಕು ಎಂದು ಮಗನನ್ನು ಕೇಳಿದಳು.

"ರಂಗೂನಕ್ಕ ಕಳಸಬೇಕಾಗ್ತೈತಿ ಆಯಿ, ಇದರ ಬಾವಿ ಅಲ್ಲೇ ಐತಿ" ಎಂದ ದಾಜಿ. ಆ ಮಾತಿಗೆ ನಾನೂ ನಕ್ಕಿದ್ದೆ. ನಗಿಸುವ ಶಕ್ತಿ ಅವನಿಗೆ ಖಂಡಿತ ಇತ್ತು.

ಬೆಳಗಾವಿಗೆ ಬಂದಾಗಲೆಲ್ಲ ಕ್ಯಾಂಪಿನ ಮಿಸ್ತ್ರಿಯೊಬ್ಬ ಗಾಡಿ ಬಿಚ್ಚಿ, ಎಂಜಿನ್ನಿಗೆ ಪೆಟ್ರೋಲು ಹನಿಸುವ ಕಾರ್ಬುರೇಟರ್ ಊದಿ ಕೊಡುತ್ತಿದ್ದ. ಒಳಗೆ ಕಸ ಇತ್ತು ಎನ್ನುತ್ತಿದ್ದ, ಅಷ್ಟೇ. ಆಮೇಲೆ ಗಾಡಿ ನಿಂತಲ್ಲೇ ಶಾಂತವಾಗಿ ಉಸಿರಾಡುತ್ತಿತ್ತು. ಖಾನಾಪುರಕ್ಕೆ ಹೋಗಿ ಮನೆಯಲ್ಲಿ ಪೆಟ್ರೋಲು ತುಂಬಿದ ಕೆಲವೇ ದಿನಕ್ಕೆ ಮತ್ತೆ ಅದೇ ಗೋಳು. ದಾಜಿ ಬುದ್ಧಿವಂತ, ಲೆಕ್ಕ ಹಾಕಿದ. ಕ್ಯಾಂಪಿನಲ್ಲಿ ಸರಿ, ಮನೆಯಲ್ಲಿ ಕೆಡುತ್ತದೆ. ಮನೆಯಲ್ಲಿ ಪೆಟ್ರೋಲು ಮುಟ್ಟುವವಳು ಹೆಂಡತಿ ಒಬ್ಬಳೇ. ತಾನು ಬೇಕಾದಲ್ಲಿ ತಿರುಗಾಡುವುದು ಅವಳ ಕಣ್ಣಿಗೆ ಚುಚ್ಚುತ್ತದೆ, ಅದಕ್ಕೇ ಏನೋ ಬೆರೆಸುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನೂ ಬಿಟ್ಟು ಹೆಂಡತಿಯನ್ನು ಹಿಡಿದ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಬೇರೆ ಮಾತು, ಪೇಟೆಯಲ್ಲಿ ಕೂತು ಊರಿಗೆಲ್ಲ ಹೇಳಿದ.

ಆ ವರ್ಷ ದೀಪಾವಳಿಯ ಪಾಡ್ಯಕ್ಕೆ ಅಪ್ಪ ಮಗಳು ಅಳಿಯನನ್ನು ಕರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಫಟಫಟಿಯ ಸದ್ದು ಕೇಳಿ ನಾನು ಆರತಿಯ ತಟ್ಟೆ ಹಿಡಿದು ಬಾಗಿಲಿಗೆ ಓಡಿದೆ. ದಾಜಿ ಒಬ್ಬನೇ ಇಳಿದ.

"ಅಕ್ಕ ಎಲ್ಲಿ ದಾಜಿ?"

"ಹಿಂದ ಬರಾಕತ್ಯಾಳ" ಎಂದ.

ರೈಲಿಗೋ ಚಕ್ಕಡಿಗೋ ಬರುತ್ತಾಳೆಂದು ನಾವು ತಿಳಿದೆವು. ಅವನಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದಾಯಿತು. ಪಾಡ್ಯದ ಆರತಿ ಬೆಳಗಿದವಳು ನಾನೇ. ಅವ್ವ ತುಪ್ಪ ಸುರಿದು ಸುರಿದು ಹೋಳಿಗೆ ಬಡಿಸಿದಳು. ಅವನು ತಿಂದ, ನಮ್ಮ ಕಾಕಂದಿರ ಜೊತೆ ಎಲೆ ಅಡಿಕೆ ಹಾಕಿಕೊಂಡು ಹರಟಿದ. ಹೊತ್ತು ಇಳಿಯುವಾಗ ಅಕ್ಕ ಬಂದಳು. ಮೊಣಕಾಲತನಕ ಧೂಳು, ಒಂದು ಕಾಲಿನ ಹೆಬ್ಬೆರಳು ಒಡೆದಿತ್ತು. ದೇಸೂರಿನ ರೈಲು ಗೇಟಿನಲ್ಲಿ ಗಾಡಿ ಸತ್ತಿತ್ತಂತೆ. ಪೆಟ್ರೋಲಿಗೆ ಏನು ಬೆರೆಸಿದ್ದೀ ಎಂದು ಗೇಟು ಕಾಯುವವನ ಎದುರಿಗೇ ಕೇಳಿದನಂತೆ. ಇವಳು ನೂಕಿದಳು, ಎಂಜಿನ್ನು ಹತ್ತಿತು, ಇವಳು ಓಡಿದಳು. ಅವನು ಒಮ್ಮೆ ಹಿಂತಿರುಗಿ ನೋಡಿ, ವೇಗ ಹೆಚ್ಚಿಸಿಕೊಂಡು ಹೊರಟೇಹೋದ. ಮಚ್ಛೆ, ಪೀರನವಾಡಿ ದಾಟಿ ಅವಳು ನಡೆದೇ ಬಂದಿದ್ದಳು.

ಪಡಸಾಲೆಯ ಲೋಡಿಗೆ ಒರಗಿದ್ದವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಬಂದ್ಯಾ? ಗಾಡಿಗಿಂತ ನೀನಽ ಛಲೋ ನೋಡು, ಎಲ್ಲೂ ಬಂದ್ ಬೀಳದಽ ಬಂದಿ."

ನಮ್ಮ ಕಾಕಂದಿರು ನಕ್ಕರು. ನಮ್ಮವರೇ! ಅಳಿಯನ ಮಾತಿಗೆ ನಗದಿದ್ದರೆ ಹೇಗೆ ಎಂದು ನಕ್ಕಿರಬೇಕು. ಅವ್ವ ಒಳಗೆ ಹೋಗಿ ಬಿಸಿನೀರು ತಂದು, ಮಗಳ ಕಾಲು ತೊಳೆಯುತ್ತ ಅಳುತ್ತಿದ್ದಳು. ಮರುದಿನ ಬೆಳಿಗ್ಗೆ ಅವನು ಒಬ್ಬನೇ ಹೊರಟ. ಪೆಟ್ರೋಲು ಕೆಡಿಸುವ ಹೆಂಗಸು ನಾಳೆ ಅನ್ನವನ್ನೂ ಕೆಡಿಸುತ್ತಾಳೆ, ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಅಪ್ಪನಿಗೆ ಹೇಳಿಹೋದ.

ನಾವು ಕಾದೆವು. ಕರೆ ಬರಲಿಲ್ಲ. ಅಕ್ಕ ಊಟ ಬಿಟ್ಟಳು, ದಿನಾ ಒಂದೇ ಮಾತು: ನನ್ನನ್ನು ನನ್ನ ಮನೆಗೆ ಕಳಿಸಿ. ಅಷ್ಟೆಲ್ಲ ಆದ ಮೇಲೂ ಅದು ಅವಳಿಗೆ ತನ್ನ ಮನೆ. ಕೊನೆಗೆ ಅಪ್ಪ ಅಳಿಯನ ಕೈಕಾಲು ಹಿಡಿಯಲು ಖಾನಾಪುರಕ್ಕೆ ಹೊರಟರು. ಅಪ್ಪ ಮೆತ್ತನೆಯ ಮನುಷ್ಯ. "ನಿಮ್ಮಪ್ಪಗ ಮಾತ ಬರಂಗಿಲ್ಲ, ನೀನರ ಹೋಗಿ ಜಗಳಾಡು" ಎಂದು ಅವ್ವ ನನ್ನನ್ನೂ ಜೊತೆಗೆ ಕಳಿಸಿದಳು. ಆ ಗುಣ ನನ್ನಲ್ಲಿ ಆಗಲೇ ಧಾರಾಳವಾಗಿತ್ತು.

ನಾವು ಹೋದಾಗ ದಾಜಿ ಅಂಗಳದಲ್ಲಿ ಕೂತಿದ್ದ. ಅವನ ಮಿಸ್ತ್ರಿ ಪಲ್ಟನ್ ಜೊತೆ ಬೇರೆ ಊರಿಗೆ ಹೋಗಿದ್ದನಂತೆ. ಹಾಗಾಗಿ ಮೊದಲ ಸಲ ತಾನೇ ಕಾರ್ಬುರೇಟರ್ ಬಿಚ್ಚಿ, ಹಿತ್ತಾಳೆಯ ಪರಾತದಲ್ಲಿ ಹರವಿಕೊಂಡಿದ್ದ. ಪಕ್ಕದಲ್ಲಿ ಅವನ ತಾಯಿ ಪೆಟ್ರೋಲು ಸೋಸುತ್ತಿದ್ದಳು, ಅದೇ ಕೆಂಪು ಬಟ್ಟೆಯಲ್ಲಿ. ಅಪ್ಪ ಕುಶಲ ಕೇಳಿದರು. ಅವನು ತಲೆ ಎತ್ತಲಿಲ್ಲ.

"ಗಾಡಿ ಇನ್ನೂ ರಿಪೇರಿ ಆಗಿಲ್ಲೇನ್ರಿ ದಾಜಿ?" ಎಂದೆ ನಾನು.

"ಇಲ್ಲ."

"ಅಕ್ಕ ಊರಾಗ ಇಲ್ಲಲ್ರಿ. ಈಗ ಯಾರ ಕೆಡಸಾಕತ್ತಾರ?"

ಅಪ್ಪ ಗಾಬರಿಯಾಗಿ ನನ್ನ ತೋಳು ಹಿಡಿದರು. ದಾಜಿ ಒಂದು ಸಣ್ಣ ಹಿತ್ತಾಳೆಯ ತುಣುಕನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದ. ಓಡುವಾಗ ಪೆಟ್ರೋಲು ಬರುವ ತೂತು ದೊಡ್ಡದು. ನಿಂತಾಗ ಎಂಜಿನ್ನಿನ ಜೀವ ಹಿಡಿಯುವ ತೂತು ಸೂಜಿಮೊನೆಯಷ್ಟು. ಅದರಲ್ಲಿ ಬೆಳಕು ಕಾಣಲಿಲ್ಲ. ಊದಿದ, ಸಣ್ಣ ತಂತಿಯಿಂದ ಚುಚ್ಚಿದ. ಕಂಡೂ ಕಾಣದಷ್ಟು ನಾರಿನ ಉಂಡೆಯೊಂದು ಹೊರಗೆ ಬಂತು. ಬೆರಳ ತುದಿಯಲ್ಲಿ ಇಟ್ಟುಕೊಂಡು ನೋಡಿದ. ಕೆಂಪು ನಾರು. ತಾಯಿಯ ಕೈಯಲ್ಲಿದ್ದ ಬಟ್ಟೆ ನೋಡಿದ. ಆಕೆಯೂ ನೋಡಿದಳು. ಆಮೇಲೆ ಆ ಬಟ್ಟೆಯನ್ನು ಹಿಂಡಿ, ಮಡಿಸಿ, ಒಳಗೆ ತೆಗೆದುಕೊಂಡು ಹೋದಳು.

ಅವನು ಎಲ್ಲ ಜೋಡಿಸಿ ಗಾಡಿಯನ್ನು ಒದ್ದ. ಹತ್ತಿಕೊಂಡಿತು. ಹಿಡಿ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಗಾಡಿ ತನ್ನಷ್ಟಕ್ಕೆ ತಾನು, ಒಂದೇ ತಾಳದಲ್ಲಿ, ಯಾರ ಹಂಗೂ ಇಲ್ಲದೆ ಬಡಿದುಕೊಳ್ಳುತ್ತಿತ್ತು. ನನಗೆ ಆಗ ಆದ ಸಂತೋಷವನ್ನು ಹೇಳಲಾರೆ... ಅಕ್ಕನ ಸಂಸಾರ ಉಳಿಯಿತು ಎಂದುಕೊಂಡೆ.

"ಖರೇ ಏನಂತ ಗೊತ್ತಾತಲ್ರಿ ದಾಜಿ. ನಾಳೆ ಬಂದು ಅಕ್ಕನ್ನ ಕರಕೊಂಡು ಬರ್ರಿ."

ಅವನು ಕೈ ಒರೆಸಿಕೊಳ್ಳುತ್ತ, ನನ್ನನ್ನು ಬಿಟ್ಟು ಅಪ್ಪನಿಗೆ ಹೇಳಿದ:

"ಗೊತ್ತಾತ್ರಿ ಮಾವಾರ, ಇಲ್ಲನ್ನಂಗಿಲ್ಲ. ಆದ್ರ ಆಕಿ ಕೆಡಸ್ಯಾಳಂತ ಪ್ಯಾಟ್ಯಾಗ ಎಲ್ಲಾರಿಗೂ ಹೇಳಿ ಕುಂತೇನಿ. ಈಗ ತಿರುಗಿ ಕರಕೊಂಡು ಬಂದ್ರ ಮಂದಿ ನನ್ನ ನೋಡಿ ನಗ್ತಾರ. ಆಕಿ ಟ್ರಂಕು ಒಳಗೈತಿ, ಒಯ್ರಿ."

"ಅಳಿಯಂದ್ರ..." ಎಂದರು ಅಪ್ಪ. ಕೈ ಮುಗಿದು ನಿಂತರು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ನಗುತ್ತ ನಿಂತಿದ್ದ. ಟ್ರಂಕನ್ನು ನಾನೂ ಅಪ್ಪನೂ ಎರಡು ಕಡೆ ಹಿಡಿದು ಹೊರಗೆ ತಂದೆವು. ಅಷ್ಟು ಹೊತ್ತೂ ಅವನು ಎಂಜಿನ್ನು ನಿಲ್ಲಿಸಲಿಲ್ಲ.

ಯುಗಾದಿಯ ಹೊತ್ತಿಗೆ ಅವನಿಗೆ ಇನ್ನೊಂದು ಮದುವೆಯಾಯಿತು. ಮಕ್ಕಳಾದವು, ವ್ಯಾಪಾರ ಬೆಳೆಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಅವ್ವ ಸಾಯುವ ತನಕ ಶಪಿಸಿದಳು. ಅವನು ಉಂಡದ್ದೆಲ್ಲ ಒಳ್ಳೆಯದನ್ನೇ. ಹಣ್ಣು ಹಣ್ಣು ಮುದುಕನಾಗಿ, ಮೊಮ್ಮಕ್ಕಳ ನಡುವೆ, ನಿದ್ದೆಯಲ್ಲಿ ಸತ್ತನಂತೆ. ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಅಪ್ಪ ಅವ್ವನ ಕಾಲ ಮುಗಿದ ಮೇಲೆ, ಗಂಡನನ್ನು ಕಳೆದುಕೊಂಡು ನಾನೂ ಇಲ್ಲಿಗೇ ಬಂದೆ. ಮುದುಕಿಯರಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದೆವು.

ಟ್ರಂಕು ತಂದ ದಿನವೇ ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿದ್ದೆ. ಬಟ್ಟೆ ನಿನ್ನತ್ತೆಯದು, ಅಪ್ಪಣೆ ಅವನದು, ನಿನ್ನದು ಎಳ್ಳಷ್ಟೂ ತಪ್ಪಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಕೇಳಿ ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ.

"ಹಂಗಾರ ಖರೇನಽ ನನ್ನ ಕೈಯಿಂದನಽ ಕೆಟ್ಟಿತ್ತು" ಎಂದಳು. "ಅವರು ಸುಳ್ಳ ಹೇಳಿರಲಿಲ್ಲ ನೋಡು."

ಆ ಮಾತಿನಿಂದ ಅವಳನ್ನು ಹೊರಗೆ ತರಲು ನನ್ನಿಂದ ಕೊನೆಗೂ ಆಗಲಿಲ್ಲ. ಎಷ್ಟು ಸಲ ಜಗಳವಾಡಿದೆ, ಎಷ್ಟು ಸಲ ಆಣೆ ಹಾಕಿದೆ... ಅವಳು ಹೂಂ ಎನ್ನುತ್ತಿದ್ದಳು, ಆಮೇಲೆ ಅವನ ಹೆಸರಿನಲ್ಲಿ ಉಪವಾಸ ಮಾಡುತ್ತಿದ್ದಳು. ಹೋದ ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ಹಿಂದಿನ ದಿನ ನನ್ನ ಕೈ ಹಿಡಿದು, ಅವರು ನನ್ನನ್ನು ಕ್ಷಮಿಸಿರಬಹುದೇನೇ ಎಂದು ಕೇಳಿದಳು. ಹೌದು, ಕ್ಷಮಿಸಿದ್ದಾರೆ ಎಂದು ಹೇಳಿದೆ.