ದೊಡ್ಡಕ್ಕನ ಮೂಗು

ದೊಡ್ಡಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರು ಹೇಳುತ್ತಿದ್ದರು. ಮನೆಯವರಿಗೆ ಮಾತ್ರ ಗೊತ್ತಿತ್ತು, ಇಡೀ ಮನೆಯ ಅನ್ನವೂ ಆ ಮೂಗಿನ ತುದಿಯಲ್ಲೇ ಇದೆ ಎಂದು.

ಅಪ್ಪ ಬಿಟ್ಟುಹೋದ ನಾಲ್ಕೆಕರೆ ಚಹಾ ತೋಟವನ್ನು ಅವಳು, ತಮ್ಮ, ತಮ್ಮನ ಹೆಂಡತಿ ಮೂವರೇ ನೋಡಿಕೊಳ್ಳುತ್ತಿದ್ದರು. ಗಿಡ ಸವರುವುದು, ಒಣಗಿಸುವ ಒಲೆ ನೋಡಿಕೊಳ್ಳುವುದು ತಮ್ಮನ ಪಾಲು. ಕುಡಿ ಚಿವುಟುವುದು ಮೂವರದ್ದೂ. ಬಾಡಿಸಿ, ಕೈಯಲ್ಲೇ ಹೊಸೆದ ಎಲೆಯನ್ನು ತಟ್ಟೆಯಲ್ಲಿ ಒದ್ದೆ ಬಟ್ಟೆಯ ಕೆಳಗೆ ಹರಡಿದ ಮೇಲೆ ದೊಡ್ಡಕ್ಕನ ಕೆಲಸ ಶುರು. ಎಲೆ ಅಲ್ಲಿ ಮೆಲ್ಲಗೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹಸಿಹುಲ್ಲಿನ ವಾಸನೆ ಹೋಗಿ ಮಾಗಿದ ಹಣ್ಣಿನ ಘಮ ಬರುತ್ತದೆ. ಆ ಗಳಿಗೆಗೇ ಒಲೆಗೆ ಹೋಗಬೇಕು. ಕಾಲು ಗಂಟೆ ತಡವಾದರೆ ಹುಳಿ. ಮೂವತ್ತೊಂದು ವರ್ಷ ಅವಳು ಬಗ್ಗಿ ಮೂಸಿ, ಸೊಂಟ ಹಿಡಿದು ಎದ್ದು, "ಎತ್ತು" ಎಂದಾಗಲೇ ತಮ್ಮ ತಟ್ಟೆ ಎತ್ತುತ್ತಿದ್ದ. ಚಿಗುರಿನ ಕಾಲದಲ್ಲಿ ಮಧ್ಯಾಹ್ನ ಒಂದು ದಿನವೂ ಅವಳು ಬೆನ್ನು ನೆಲಕ್ಕೆ ತಾಗಿಸಿದ್ದಿಲ್ಲ.

ಆ ವರ್ಷ ಮೊದಲ ಚಿಗುರಿನ ಹೊತ್ತಿಗೆ ಅವಳಿಗೆ ಜ್ವರ ಬಂತು. ಐದನೇ ದಿನ ಜ್ವರ ಬಿಟ್ಟಿತು, ಜೊತೆಗೆ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಸೋಪು, ಸೀಮೆಎಣ್ಣೆ, ಚಹಾ, ಎಲ್ಲವೂ ಒಂದೇ. ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು. ಯಾರಿಗೂ ಹೇಳಲಿಲ್ಲ. ಬಗ್ಗಿ ಮೂಸಿದಂತೆ ಮಾಡಿ, ಬಣ್ಣ ನೋಡಿ, ಗಡಿಯಾರ ನೋಡಿ "ಎತ್ತು" ಎನ್ನತೊಡಗಿದಳು. ಬಿಸಿಲಿದ್ದ ದಿನ ಹೇಗೋ ನಡೆಯಿತು. ಮೋಡ ಕವಿದ ದಿನಗಳಲ್ಲಿ ಗಡಿಯಾರ ಕೈಕೊಟ್ಟಿತು.

ಎರಡು ತಿಂಗಳಾದ ಮೇಲೆ, ಹದಿನೆಂಟು ವರ್ಷದಿಂದ ಇವರಲ್ಲೇ ಕೊಳ್ಳುತ್ತಿದ್ದ ವ್ಯಾಪಾರಿ ಮೂರು ಪೆಟ್ಟಿಗೆ ವಾಪಸು ಕಳಿಸಿದ. ಚಹಾ ಹುಳಿ ಹೊಡೆಯುತ್ತಿದೆ, ನಿಮ್ಮ ಮನೆಯದೇ ಹೌದೋ ಅಲ್ಲವೋ ಎಂದು ಚೀಟಿ ಬರೆದಿದ್ದ. ತಮ್ಮನಿಗೆ ಅಕ್ಕನ ಮೇಲೆ ಅನುಮಾನದ ಎಳೆಯೂ ಹುಟ್ಟಲಿಲ್ಲ. ತಪ್ಪು ಒಲೆಯದೇ ಎಂದುಕೊಂಡು, ಹೊಗೆಕೊಳವೆ ಬಿಚ್ಚಿ, ಒಂದೊಂದೇ ಇಟ್ಟಿಗೆ ಕಿತ್ತು ಉಜ್ಜಲು ಕೂತ. ಎರಡು ದಿನ ಹಾಗೇ ಹೋಯಿತು. ಮೈಯೆಲ್ಲ ಮಸಿಯಾಗಿ, ಕೆಮ್ಮುತ್ತಾ ಅವನು ಒಲೆಯೊಳಗೆ ತಲೆ ತೂರಿಸಿದ್ದನ್ನು ದೊಡ್ಡಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಇನ್ನು ತಡೆಯಲಾಗಲಿಲ್ಲ.

"ಬಿಡೋ, ಸಾಕು. ಒಲೆ ನೆಟ್ಟಗಿದೆ. ಕೆಟ್ಟಿರೋದು ನನ್ನ ಮೂಗು."

ತಮ್ಮ ಹೊರಗೆ ಬಂದು ನೆಲದ ಮೇಲೆ ಕೂತ. ಯಾವಾಗಿಂದ ಎಂದು ಕೇಳಿದ. ಜ್ವರ ಬಂದಾಗಿನಿಂದ ಎಂದಳು. ಅವನು ಕಿತ್ತಿಟ್ಟ ಇಟ್ಟಿಗೆಗಳನ್ನು ನೋಡಿದ, ಒಂದೊಂದಾಗಿ ಮತ್ತೆ ಜೋಡಿಸತೊಡಗಿದ. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವಳಿಗೆ.

ಎಲೆ ಜರಡಿ ಹಿಡಿಯುತ್ತಿದ್ದ ತಮ್ಮನ ಹೆಂಡತಿ ಕೈ ನಿಲ್ಲಿಸದೆ ಹೇಳಿದಳು: "ನಂಗೆ ಗೊತ್ತಿತ್ತು ಅಕ್ಕ. ಅವತ್ತು ಹಾಳಾದ ಹಾಲಲ್ಲಿ ಟೀ ಮಾಡ್ಕೊಂಡು ಪೂರ್ತಿ ಕುಡಿದ್ರಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ನೀವಾಗೇ ಹೇಳ್ತೀರ ಅಂತ ಕಾದೆ."

ವೈದ್ಯರು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಎಲೆಗೆ ಅಷ್ಟು ತಾಳ್ಮೆಯಿಲ್ಲ. ಮರುವಾರದಿಂದ ಮೂಸುವ ಕೆಲಸ ತಮ್ಮನ ಹೆಂಡತಿಯದಾಯಿತು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ದೊಡ್ಡಕ್ಕ ಕೂತಳು. ಈಗ ಹೇಗಿದೆ ಎಂದು ಇವಳು ಕೇಳಬೇಕು, ಅವಳು ಹೇಳಬೇಕು. ಅವಳಿಗೋ ಮಾತೇ ಸಿಗದು. ಒದ್ದೆ ಗೋಣಿಚೀಲದ ಹಾಗಿದೆ ಎನ್ನುತ್ತಿದ್ದಳು. ಇನ್ನೊಮ್ಮೆ, ನಿಮ್ಮ ತಮ್ಮನ ಅಂಗಿಯ ಹಾಗಿದೆ ಎಂದಳು. ಎಷ್ಟು ದಿನದ ಅಂಗಿ ಎಂದು ದೊಡ್ಡಕ್ಕ ಕೇಳಿದ್ದಕ್ಕೆ ಮೂವರೂ ನಕ್ಕರು. ಆರು ಸಲದ ಎಲೆ ಹಾಳಾಯಿತು. ಏಳನೆಯ ಸಲ ಅವಳು ಬಗ್ಗಿದವಳು ಬಗ್ಗಿಯೇ ಇದ್ದು, ಸೇಬು ಹೆಚ್ಚಿಟ್ಟ ಹಾಗಿದೆ ಎಂದಳು.

"ಹಾಗಾದ್ರೆ ಎತ್ತಿಸು" ಎಂದಳು ದೊಡ್ಡಕ್ಕ.

ಆ ಚಹಾ ಕುಡಿದಾಗ ಅವಳ ನಾಲಿಗೆಗೆ ಸಿಕ್ಕಿದ್ದು ಬಿಸಿ ಮತ್ತು ಸ್ವಲ್ಪ ಒಗರು. ಚೆನ್ನಾಗಿದೆ ಎಂದು ಉಳಿದಿಬ್ಬರ ಮುಖ ನೋಡಿ ನಂಬಿದಳು. ವ್ಯಾಪಾರಿ ತಿರುಗಿ ಕೊಳ್ಳತೊಡಗಿದ, ಮೊದಲಿಗಿಂತ ಕಡಿಮೆ.

ಮುಂದಿನ ಚಿಗುರಿನ ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಏನೋ ಕೇಳಲು ಒಳಕೋಣೆಗೆ ಬಂದಳು. ದೊಡ್ಡಕ್ಕ ಚಾಪೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅವಳು ಕೇಳದೆಯೇ ಹಿಂದಿರುಗಿ, ಬಟ್ಟೆ ಸರಿಸಿ, ಎಲೆಗೆ ಬಗ್ಗಿದಳು.