ಸೆಕ್ರೆಟರಿ ಸಾರ್ ಮೂಗು

ನಮ್ಮ ಮೂಡಲಪಾಳ್ಯದ ಅಪಾರ್ಟ್‌ಮೆಂಟಿನಲ್ಲಿ ಆ ಮಾರ್ಚ್ ತಿಂಗಳು ಎಲ್ಲರ ಬಾತ್‌ರೂಮೂ ಗಬ್ಬು ನಾರತೊಡಗಿದಾಗ, ಕಾರಣ ಹುಡುಕಲು ಹೊರಟದ್ದು ಪ್ಲಂಬರ್ ಅಲ್ಲ, ಸಂಘದ ಸೆಕ್ರೆಟರಿಯ ಮೂಗು. ಮೂರನೇ ಮಹಡಿಯ ಈ ನಿವೃತ್ತ ಹೆಡ್‌ಮಾಸ್ಟರು ಮನೆಮನೆಗೆ ನುಗ್ಗಿ, ಕೈ ಹಿಂದೆ ಕಟ್ಟಿ, ಕಾಪಿ ಚೀಟಿ ಹುಡುಕುವವರಂತೆ ಕಮೋಡಿನ ಮೇಲೆ ಬಗ್ಗುತ್ತಿದ್ದರು. ನೆಲಮಹಡಿಯ ಬಾಡಿಗೆ ಮನೆಯಲ್ಲಿ ವಾಸನೆ ಎಲ್ಲಕ್ಕಿಂತ ಜಾಸ್ತಿ. ಅಲ್ಲಿನ ಆಂಟಿ ವಾರಕ್ಕೊಮ್ಮೆ ಒಣಮೀನಿನ ಸಾರು ಮಾಡುತ್ತಿದ್ದರು. ಮುಗಿಯಿತು, ತೀರ್ಪು ಸಿದ್ಧ.

“ಮೀನು ತೊಳೆದ ನೀರು ಸುರೀತಾರೆ. ಅದರ ವಾಸ್ನೆ ಪೈಪಲ್ಲಿ ಮೇಲಕ್ಕೆ ಹತ್ತತ್ತೆ,” ಎಂದರು, ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವರು. ಗಟಾರಕ್ಕೂ ಮೀನಿಗೂ ವ್ಯತ್ಯಾಸ ತಿಳಿಯದ ಆ ಮೂಗನ್ನು ನಂಬಿ ಉಳಿದ ವಿದ್ಯಾವಂತರೆಲ್ಲ ತಲೆಯಾಡಿಸಿದರು. ಆಂಟಿಯನ್ನು ಖಾಲಿ ಮಾಡಿಸಿ ಎಂದು ಮನೆ ಮಾಲೀಕರಿಗೆ ಬರೆದ ಪತ್ರಕ್ಕೆ ಸಹಿಗಳು ಬಿದ್ದವು, ನಮ್ಮಪ್ಪನದೂ ಸೇರಿ. ಆಂಟಿಯ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿತ್ತು.

ನಾನೇನು ಮಾಡುತ್ತಿದ್ದೆ? ಲಿಫ್ಟಿನ ಮುಂದೆ ಮಿಮಿಕ್ರಿ. ಮೊದಲು ಸೆಕ್ರೆಟರಿಯ ಮೂಗಿನ ‘ಹುಂ... ಹುಂ...’, ಆಮೇಲೆ ಆಂಟಿಯ ನಡುಗುವ “ನಮ್ಮನೇದಲ್ಲ ಸಾರ್, ದೇವ್ರಾಣೆ.” ಎರಡನೆಯದಕ್ಕೇ ಹೆಚ್ಚು ನಗು ಬರುತ್ತಿತ್ತು. ಅದಕ್ಕೇ ಅದನ್ನು ದಿನಕ್ಕೆರಡು ಸಲ ಮಾಡುತ್ತಿದ್ದೆ.

ಪತ್ರ ಕಳಿಸುವ ದಿನ ಆಂಟಿಯೇ ಒಬ್ಬ ಪ್ಲಂಬರನ್ನು ಕರೆತಂದರು. ಅವನು ಯಾವ ಮನೆಯನ್ನೂ ಮೂಸಲಿಲ್ಲ. ಸೆಕ್ರೆಟರಿಯ ಮನೆಯಲ್ಲಿ ಫ್ಲಶ್ ಮಾಡಿಸಿ, ಕೆಳಗೆ ಆಂಟಿಯ ಬಾತ್‌ರೂಮಿನ ನೀರು ಹೋಗುವ ಜಾಲರಿ ಗುಳುಗುಳು ಎಂದದ್ದನ್ನು ಕೇಳಿಸಿಕೊಂಡು, ನೇರ ಟೆರೇಸಿಗೆ ಹತ್ತಿದ. ಹಿಂದೆಯೇ ಸೆಕ್ರೆಟರಿ, ಆಂಟಿ, ತಮಾಷೆ ನೋಡಲು ನಾನು.

ಬಾತ್‌ರೂಮುಗಳ ಪೈಪಿಗೆ ಗಾಳಿಯಾಡಲು ಬಿಟ್ಟ ಬಾಯಿಗೆ ಯಾರೋ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿದ್ದರು.

“ಇದು ಉಸಿರಾಡ್ಬೇಕು ಸಾರ್,” ಎಂದ ಪ್ಲಂಬರ್. “ಬಾಯಿ ಕಟ್ಟಿದ್ರೆ ಗ್ಯಾಸ್ ಎಲ್ಲಿಗ್ ಹೋಗತ್ತೆ? ನಿಮ್ ಬಾತ್‌ರೂಮಿಗೇ.”

ಕವರಿನ ಮೇಲೆ ನಮ್ಮ ಕಾಲೇಜಿನ ಹೆಸರು. ಮಿಮಿಕ್ರಿಯಲ್ಲಿ ನನಗೆ ಎರಡನೇ ಬಹುಮಾನವಾಗಿ ಬಂದ ಟಿಫಿನ್ ಡಬ್ಬಿಯ ಕವರ್. ಅಮ್ಮ ಅಲ್ಲಿ ಸಂಡಿಗೆ ಒಣಹಾಕಿದ ದಿನ, “ಆ ಪೈಪಿನ ನಾತ ಸಂಡಿಗೆಗೆ ಹಿಡಿಯತ್ತೆ ಕಣೋ, ಏನಾದ್ರೂ ಕಟ್ಟು” ಎಂದಿದ್ದಳು. ಕಟ್ಟಿದ್ದೆ, ಮರೆತಿದ್ದೆ. ಸಂಡಿಗೆ ಕರಿದು ತಿಂದೂ ಆಗಿತ್ತು.

ಆಂಟಿ ಕವರಿನ ಮೇಲಿನ ಹೆಸರು ಓದಿ ನನ್ನತ್ತ ತಿರುಗಿದರು. “ನನ್ ಥರ ಮಾತಾಡಿ ತೋರಿಸ್ತೀಯಂತಲ್ಲಪ್ಪ. ಈಗ ಮಾತಾಡು, ಸಾರ್ ಇದಾರೆ.”

ದನಿ ತಾನಾಗಿಯೇ ನಡುಗಿತು. “ನಮ್ಮನೇದೇ ಸಾರ್.”

ಸೆಕ್ರೆಟರಿ ಪತ್ರವನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟರು. ಕ್ಷಮೆ ಕೇಳಿದರೆ ಮೂಗು ಉದುರಿಬಿಡುತ್ತಿತ್ತೇನೋ. “ಸರಿ, ಇದನ್ನ ಕಳ್ಸಲ್ಲ, ಇರಿ. ಆದ್ರೂ ಮೀನು ಸ್ವಲ್ಪ ಕಮ್ಮಿ ಮಾಡಿಮ್ಮಾ.”

“ಆಗ್ಲಿ ಸಾರ್,” ಎಂದರು ಆಂಟಿ, ಮೆಟ್ಟಿಲಿಳಿಯುತ್ತಾ. “ನೀವೂ ಫ್ಲಶ್ ಸ್ವಲ್ಪ ಕಮ್ಮಿ ಮಾಡಿ.”